ಅನಿಲ ಎಷ್ಟಿದ್ದರೆ ಎಷ್ಟು ಜಾಗ? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರ ಪುಸ್ತಕದಲ್ಲಿ, ಮೊದಲ ಅಧ್ಯಾಯದಲ್ಲೇ ಅವೊಗಾಡ್ರೊ ನಿಯಮ ಬರುತ್ತದೆ. ಕೆಲವೇ ಸಾಲುಗಳಲ್ಲಿ ಮುಗಿದೂ ಹೋಗುತ್ತದೆ. ಆಮೇಲೆ ಶುರುವಾಗುತ್ತವೆ ಪ್ರಶ್ನೆಗಳು. ದಾವಣಗೆರೆಯಲ್ಲಿ ಪಾಠಕ್ಕೆ ಬರುವ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಹೊಳಲ್ಕೆರೆ ಹೊಸದುರ್ಗದ ಕಡೆಯ ರೈತರು ಕೂಡ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಿ. ಆದರೆ ಮೊದಲ ಮೂರನ್ನು ಮಾತ್ರ ಬಿಡಬೇಡಿ.

ನಿಯಮ ಏನು ಹೇಳುತ್ತದೆ? ಸುಮ್ನೆ ಎರಡು ಮಾತಲ್ಲಿ ಹೇಳಿ.

ಒತ್ತಡವನ್ನೂ ತಾಪವನ್ನೂ ಬದಲಾಗಲು ಬಿಡದೆ ಅನಿಲವನ್ನು ಎರಡು ಪಟ್ಟು ಮಾಡಿದರೆ ಅದು ಹಿಡಿಯುವ ಜಾಗವೂ ಎರಡು ಪಟ್ಟಾಗುತ್ತದೆ. ಅರ್ಧ ಮಾಡಿದರೆ ಜಾಗವೂ ಅರ್ಧ. ಗಾತ್ರವನ್ನು ಮೋಲ್ ಸಂಖ್ಯೆಯಿಂದ ಭಾಗಿಸಿದರೆ ಯಾವಾಗಲೂ ಒಂದೇ ಉತ್ತರ ಬರಬೇಕು, ಅಷ್ಟೇ.

ಇಲ್ಲಿ 'ಅನಿಲ ಎಷ್ಟು' ಅಂದರೆ ಎಷ್ಟು ಅಣುಗಳು ಎಂಬ ಲೆಕ್ಕ. ತೂಕ ಅಲ್ಲ. ಅಣುಗಳನ್ನು ಒಂದೊಂದಾಗಿ ಎಣಿಸುವುದು ಆಗದ ಮಾತು, ಅದಕ್ಕೇ ಮೋಲ್ ಎಂಬ ಕಟ್ಟು ಮಾಡಿಕೊಂಡಿದ್ದಾರೆ. ಒಂದು ಮೋಲ್ ಎಂದರೆ 6.022 × 10ರ ಘಾತ 23 ಅಣುಗಳು.

ಸೈಕಲ್ ಟ್ಯೂಬಿಗೆ ಎಷ್ಟು ಗಾಳಿ ಹೊಡೆದರೂ ಟೈರು ದೊಡ್ಡದಾಗಲ್ಲ. ಹಾಗಾದ್ರೆ ನಿಯಮ ಸುಳ್ಳಾ?

ಇಷ್ಟು ಒಳ್ಳೆಯ ಪ್ರಶ್ನೆ ಕೇಳುವ ಹುಡುಗರಿಗೆ ತರಗತಿಯಲ್ಲಿ 'ಸುಮ್ನಿರು' ಎಂಬ ಉತ್ತರ ಸಿಗುತ್ತದೆ, ಬೇಜಾರಿನ ವಿಷಯ.

ನಿಯಮ ಸುಳ್ಳಲ್ಲ, ಅದರ ಷರತ್ತು ಮುರಿದಿದೆ. ಟೈರು ಒಂದು ಹದದವರೆಗೆ ಉಬ್ಬುತ್ತದೆ, ಆಮೇಲೆ ಗಟ್ಟಿಯಾದ ರಬ್ಬರು ಮತ್ತು ಒಳಗಿನ ದಾರದ ಹೆಣಿಗೆ ಜಗ್ಗುವುದಿಲ್ಲ. ಜಾಗ ಸಿಗದಿದ್ದಾಗ ಹೊಸದಾಗಿ ಬಂದ ಅಣುಗಳು ಗೋಡೆಗೆ ಜಾಸ್ತಿ ಜಾಸ್ತಿ ಬಡಿಯುತ್ತವೆ, ಒತ್ತಡ ಏರುತ್ತದೆ. ಅಂದರೆ ಅನಿಲ ಜಾಸ್ತಿಯಾದರೆ ಏನೋ ಒಂದು ಏರಲೇಬೇಕು. ಗೋಡೆ ಸರಿಯುವುದಾದರೆ ಗಾತ್ರ ಏರುತ್ತದೆ, ಸರಿಯದಿದ್ದರೆ ಒತ್ತಡ.

ಹಾಗಾಗಿ ಯಾವ ಲೆಕ್ಕ ಎದುರಿಗೆ ಬಂದರೂ ಮೊದಲು ಕೇಳಬೇಕಾದದ್ದು ಒಂದೇ. ಇಲ್ಲಿ ಒತ್ತಡವನ್ನು ಏರದಂತೆ ಹಿಡಿದಿರುವುದು ಯಾವುದು? ಅದಕ್ಕೆ ಉತ್ತರ ಇಲ್ಲದಿದ್ದರೆ ಅವೊಗಾಡ್ರೊ ನಿಯಮವನ್ನು ಅಲ್ಲಿ ನೇರವಾಗಿ ಹಾಕುವ ಹಾಗಿಲ್ಲ.

ಒತ್ತಡ ಬದಲಾಗದೆ ಗಾತ್ರ ಮಾತ್ರ ಏರುವುದನ್ನು ಕಣ್ಣಾರೆ ನೋಡಬೇಕು. ಎಲ್ಲಿ ಸಿಗುತ್ತದೆ?

ಹಳ್ಳಿಯಲ್ಲಿ ಸಿಗುತ್ತದೆ. ಡ್ರಮ್ ತೇಲುವ ಹಳೇ ಮಾದರಿಯ ಗೋಬರ್ ಗ್ಯಾಸ್ ಘಟಕ ಎಲ್ಲಾದರೂ ಇನ್ನೂ ಉಳಿದಿದ್ದರೆ ಹೋಗಿ ನೋಡಿ. ಈ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉಪಕರಣ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ ಎನ್ನುವುದು ನನ್ನ ಅಭಿಪ್ರಾಯ.

ಕೆಳಗೆ ಬಾವಿಯಂಥ ಗುಂಡಿ, ಅದರಲ್ಲಿ ಸಗಣಿಯ ಬಗ್ಗಡ. ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್. ಬಗ್ಗಡದಲ್ಲಿರುವ ಸೂಕ್ಷ್ಮಜೀವಿಗಳು ಸಗಣಿಯನ್ನು ಕೊಳೆಸಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಅನಿಲ ಸೇರುತ್ತಾ ಹೋದ ಹಾಗೆ ಡ್ರಮ್ ಮೇಲೇಳುತ್ತದೆ. ಒಲೆ ಹಚ್ಚಿದರೆ ಇಳಿಯುತ್ತದೆ. ಒಳಗಿನ ಒತ್ತಡವನ್ನು ನಿರ್ಧರಿಸುವುದು ಹೊರಗಿನ ಗಾಳಿ ಮತ್ತು ಡ್ರಮ್ಮಿನ ತೂಕ. ಡ್ರಮ್ಮಿನ ತೂಕ ಬೆಳಿಗ್ಗೆಗೂ ಸಂಜೆಗೂ ಒಂದೇ, ಹಾಗಾಗಿ ಒತ್ತಡವೂ ಒಂದೇ. ಏರುವುದಕ್ಕೆ ಗಾತ್ರ ಬಿಟ್ಟರೆ ಬೇರೆ ದಾರಿ ಇಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಡ್ರಮ್ಮಿನ ಅಗಲ 4 ಅಡಿ ಅಂದುಕೊಳ್ಳಿ. ಅದು ಒಂದು ಗೇಣು, ಅಂದರೆ 9 ಇಂಚು ಮೇಲೆದ್ದರೆ ಒಳಗೆ ಸುಮಾರು 267 ಲೀಟರ್ ಅನಿಲ ಹೊಸದಾಗಿ ಬಂದಿದೆ ಎಂದರ್ಥ. 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ನಮ್ಮ ದಾವಣಗೆರೆಯ ಎತ್ತರಕ್ಕೆ ಒಂದು ಮೋಲ್ ಅನಿಲ ಸುಮಾರು 26.7 ಲೀಟರ್ ಜಾಗ ಹಿಡಿಯುತ್ತದೆ (ಯಾಕೆ 22.4 ಅಲ್ಲ ಅಂತ ಮುಂದೆ ಹೇಳುತ್ತೇನೆ). ಹಾಗಾಗಿ ಒಂದು ಗೇಣು ಅಂದರೆ ಹತ್ತಿರ ಹತ್ತಿರ 10 ಮೋಲ್. ಎರಡು ಗೇಣು 20 ಮೋಲ್. ಗೋಡೆಗೆ ಸುಣ್ಣದಲ್ಲಿ ಗೆರೆ ಎಳೆದುಬಿಟ್ಟರೆ ಡ್ರಮ್ಮೇ ಮೋಲ್ ಅಳೆಯುವ ಅಳತೆಗೋಲು! ಒಂದು ಕೆಜಿ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ ಬರುತ್ತದೆ ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ, ಅಂದರೆ ಒಂದೂವರೆ ಮೋಲ್.

ಈಗ ಬರುತ್ತಿರುವವು ಹೆಚ್ಚಾಗಿ ಗುಮ್ಮಟದ ಮಾದರಿ, ದೀನಬಂಧು ಅನ್ನುತ್ತಾರಲ್ಲ, ಅದು. ಅದರಲ್ಲಿ ಇಟ್ಟಿಗೆಯ ಗುಮ್ಮಟ ಮೇಲೇಳುವುದಿಲ್ಲ. ಅನಿಲ ಬಗ್ಗಡವನ್ನು ಹೊರಗಿನ ತೊಟ್ಟಿಗೆ ತಳ್ಳಿ ಜಾಗ ಮಾಡಿಕೊಳ್ಳುತ್ತದೆ, ಜೊತೆಗೆ ಒತ್ತಡವೂ ಏರುತ್ತದೆ. ಗಾತ್ರ, ಒತ್ತಡ ಎರಡೂ ಬದಲಾಗುವುದರಿಂದ ಪಾಠ ಮಾಡುವುದಕ್ಕೆ ಅದು ಅಷ್ಟು ಒಳ್ಳೆಯದಲ್ಲ. ಅಡುಗೆಗೆ ಏನೂ ತೊಂದರೆ ಇಲ್ಲ.

ಬೇಸಿಗೆ ಮಧ್ಯಾಹ್ನ ಡ್ರಮ್ ತಾನಾಗೇ ಸ್ವಲ್ಪ ಮೇಲೆದ್ದಿರುತ್ತದೆ. ಆಗ ಗ್ಯಾಸ್ ಜಾಸ್ತಿ ಆಗಿದೆ ಅಂತಲಾ?

ಎಲ್ಲ ಏರಿಕೆಯೂ ಹೊಸ ಗ್ಯಾಸ್ ಅಲ್ಲ. ಬಿಸಿಲಿಗೆ ಕಬ್ಬಿಣ ಕಾದು ಅನಿಲ 30ರಿಂದ 40 ಡಿಗ್ರಿಗೆ ಹೋದರೆ ಇದ್ದಷ್ಟೇ ಅಣುಗಳು ಸುಮಾರು ಶೇ. 3ರಷ್ಟು ಜಾಸ್ತಿ ಜಾಗ ಹಿಡಿಯುತ್ತವೆ. ಮೂರಡಿ ಅನಿಲ ಇದ್ದರೆ ಒಂದಿಂಚಿಗಿಂತ ಸ್ವಲ್ಪ ಮೇಲೆ. ಅದಕ್ಕೇ ಇವತ್ತು ಎಷ್ಟು ಬಂತು, ನಿನ್ನೆ ಎಷ್ಟು ಬಂತು ಅಂತ ಹೋಲಿಸುವವರು ದಿನಾ ಒಂದೇ ಹೊತ್ತಿಗೆ ಅಳೆಯಬೇಕು. ಬೆಳಗಿನ ಹೊತ್ತು ಒಳ್ಳೆಯದು.

ಉರಿ ಸಾಲದೆ ಹೋದಾಗ ಡ್ರಮ್ಮಿನ ಮೇಲೆ ಕಲ್ಲು ಹೇರುತ್ತಾರಲ್ಲ, ಅದೂ ಸರಿಯೇ. 50 ಕೆಜಿ ಹೇರಿದರೆ ಒಲೆಗೆ ಹೋಗುವ ಒತ್ತಡ ಚೆನ್ನಾಗಿ ಏರುತ್ತದೆ. ಆದರೆ ಅಣುಗಳ ಲೆಕ್ಕ ಒಂದೂ ಜಾಸ್ತಿಯಾಗಿರುವುದಿಲ್ಲ. ಗ್ಯಾಸ್ ಬೇಗ ಖಾಲಿಯಾಯಿತು ಎಂದು ಆಮೇಲೆ ಕಲ್ಲನ್ನು ಬೈದು ಪ್ರಯೋಜನವಿಲ್ಲ.

ಯಾವ ಅನಿಲ ಎನ್ನುವುದು ಮುಖ್ಯ ಅಲ್ವಾ? ಭಾರದ ಅನಿಲಕ್ಕೆ ಜಾಸ್ತಿ ಜಾಗ ಬೇಡವಾ?

ಬೇಡ. ಇದನ್ನು ನಂಬುವುದೇ ಕಷ್ಟ, 1811ರಲ್ಲಿ ಅವೊಗಾಡ್ರೊ ಹೀಗೆಂದಾಗ ದೊಡ್ಡ ದೊಡ್ಡವರೇ ನಂಬಲಿಲ್ಲ. ಒಂದು ಮೋಲ್ ಹೈಡ್ರೋಜನ್ 2 ಗ್ರಾಂ. ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ 44 ಗ್ರಾಂ. ತೂಕದಲ್ಲಿ 22 ಪಟ್ಟು ವ್ಯತ್ಯಾಸ, ಜಾಗ ಮಾತ್ರ ಒಂದೇ.

ಅನಿಲದಲ್ಲಿ ಅಣುಗಳು ಒಂದರಿಂದ ಒಂದು ಬಹಳ ದೂರ ಇರುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಅಣುಗಳು ತಾವೇ ತುಂಬಿರುವ ಜಾಗ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು, ಉಳಿದದ್ದೆಲ್ಲ ಖಾಲಿ. ಹೈಸ್ಕೂಲ್ ಮೈದಾನದಲ್ಲಿ ಹತ್ತು ಹುಡುಗರು ಓಡಾಡುತ್ತಿದ್ದರೆ ಅವರಲ್ಲಿ ದಪ್ಪಗಿರುವವರು ಯಾರು ಅಂತ ಮೈದಾನಕ್ಕೆ ಏನೂ ಆಗಬೇಕಾಗಿಲ್ಲ, ಅಲ್ವಾ? ಇನ್ನು ಭಾರದ ಅಣು ಗೋಡೆಗೆ ಜೋರಾಗಿ ಬಡಿಯುವುದಿಲ್ಲವೇ ಎಂದರೆ, ಒಂದೇ ತಾಪದಲ್ಲಿ ಭಾರದ ಅಣು ನಿಧಾನ ಓಡುತ್ತದೆ, ಹಗುರದ್ದು ಬೇಗ ಓಡುತ್ತದೆ. ಕೊನೆಗೆ ಗೋಡೆಯ ಮೇಲೆ ಬೀಳುವ ಒತ್ತಡ ಸಮವಾಗುತ್ತದೆ.

ಜಾತ್ರೆಯಲ್ಲಿ ಬಲೂನು ಮೇಲೆ ಹಾರುವುದೂ ಇದರಿಂದಲೇ. ಬಲೂನಿನಷ್ಟೇ ಜಾಗದ ಗಾಳಿಯಲ್ಲೂ ಹತ್ತಿರ ಹತ್ತಿರ ಅಷ್ಟೇ ಅಣುಗಳಿರುತ್ತವೆ, ಆದರೆ ಗಾಳಿಯ ಮೋಲ್ ತೂಕ 29 ಗ್ರಾಂ, ಹೀಲಿಯಂದು 4. ದುಗ್ಗಮ್ಮನ ಜಾತ್ರೆಯಿರಲಿ ನಾಯಕನಹಟ್ಟಿ ಜಾತ್ರೆಯಿರಲಿ, ಹೀಲಿಯಂ ಬದಲು ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಚೂರು ಹಾಕಿ ಹೈಡ್ರೋಜನ್ ತಯಾರಿಸಿ ತುಂಬುವವರು ಕಂಡರೆ ಮಕ್ಕಳನ್ನು ಕರೆದುಕೊಂಡು ದೂರ ನಡೆಯಿರಿ. ಆ ಸಿಲಿಂಡರು ಸಿಡಿದರೆ ಪ್ರಾಣಕ್ಕೇ ಬರುತ್ತದೆ.

ಪುಸ್ತಕದಲ್ಲಿ 22.4 ಲೀಟರ್ ಅಂತಿದೆ. ನೀವು 26.7 ಅಂತೀರಿ. ಯಾವುದು ಸರಿ?

ಎರಡೂ ಸರಿ. 22.4 ಎನ್ನುವುದು 0 ಡಿಗ್ರಿ ತಾಪದಲ್ಲಿ, ಸಮುದ್ರ ಮಟ್ಟದ ಒತ್ತಡದಲ್ಲಿ, ಅಂದರೆ 1 ಅಟ್ಮಾಸ್ಫಿಯರ್‌ನಲ್ಲಿ ಸಿಗುವ ಸಂಖ್ಯೆ. ದಾವಣಗೆರೆಯಲ್ಲಿ 0 ಡಿಗ್ರಿ ಯಾವತ್ತು ಬಂದಿದೆ ಹೇಳಿ! ಸಮುದ್ರವಂತೂ ಇಲ್ಲವೇ ಇಲ್ಲ.

ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸುಮಾರು 94 ಕಿಲೋಪಾಸ್ಕಲ್, ಸಮುದ್ರ ಮಟ್ಟದಲ್ಲಿ 101. ಒತ್ತಡ ಕಮ್ಮಿ, ತಾಪ ಜಾಸ್ತಿ. ಎರಡೂ ಸೇರಿ ಒಂದು ಮೋಲ್ ಅನಿಲವನ್ನು ಹಿಗ್ಗಿಸುತ್ತವೆ. 30 ಡಿಗ್ರಿಗೆ 26.7 ಲೀಟರ್, ಏಪ್ರಿಲ್ ತಿಂಗಳ 38 ಡಿಗ್ರಿಗೆ 27.4. ಚಿತ್ರದುರ್ಗ ಇನ್ನೂ ಎತ್ತರ, ಸುಮಾರು 730 ಮೀಟರ್. ಅಲ್ಲಿ 30 ಡಿಗ್ರಿಗೇ 27.1 ಲೀಟರ್. ಕೋಟೆ ಹತ್ತಿದರೆ ಇನ್ನೂ ಚೂರು ಜಾಸ್ತಿ.

ಇಲ್ಲಿ ಒಂದು ಬಲೆ ಇದೆ. ಮೊಬೈಲಿನ ಹವಾಮಾನ ಆ್ಯಪ್ ನೋಡಿದರೆ ದಾವಣಗೆರೆಯ ಒತ್ತಡ 1010 ಹೆಕ್ಟೋಪಾಸ್ಕಲ್, ಅಂದರೆ 101 ಕಿಲೋಪಾಸ್ಕಲ್, ಎಂದೇನೋ ತೋರಿಸುತ್ತದೆ. ಅದು ನಿಮ್ಮ ಮನೆಯ ಒತ್ತಡ ಅಲ್ಲ. ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಲಿಕ್ಕೆ ಎಲ್ಲವನ್ನೂ ಸಮುದ್ರ ಮಟ್ಟಕ್ಕೆ ಇಳಿಸಿ ಕೊಟ್ಟ ಸಂಖ್ಯೆ ಅದು. ಅದನ್ನೇ ಹಾಕಿ ಲೆಕ್ಕ ಮಾಡಿದರೆ ಶೇ. 7ರಷ್ಟು ತಪ್ಪುತ್ತದೆ.

ಇನ್ನು ಕೆಲವು ಪುಸ್ತಕಗಳಲ್ಲಿ 22.7 ಲೀಟರ್ ಇರುತ್ತದೆ. 1982ರಿಂದ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಪ್ರಮಾಣಿತ ಒತ್ತಡವನ್ನು 1 ಅಟ್ಮಾಸ್ಫಿಯರ್ ಬದಲು 1 ಬಾರ್ (ಅಂದರೆ 100 ಕಿಲೋಪಾಸ್ಕಲ್) ಎಂದು ಇಟ್ಟುಕೊಂಡಿದೆ, ಅದರ ಫಲ ಇದು. ಪರೀಕ್ಷೆಯಲ್ಲಿ ಯಾವುದನ್ನು ಹಾಕಬೇಕು? ಪ್ರಶ್ನೆಯಲ್ಲಿ ಬಾರ್ ಎಂದಿದ್ದರೆ 22.7, ಅಟ್ಮಾಸ್ಫಿಯರ್ ಎಂದಿದ್ದರೆ 22.4.

ಅವೊಗಾಡ್ರೊ ಇದನ್ನೆಲ್ಲ ಎಣಿಸಿದ್ದಾದರೂ ಹೇಗೆ?

ಎಣಿಸಲೇ ಇಲ್ಲ. ಅಮೆಡಿಯೊ ಅವೊಗಾಡ್ರೊ ಇಟಲಿಯ ಟ್ಯೂರಿನ್ ಊರಿನವರು, ಹುಟ್ಟಿದ್ದು 1776ರಲ್ಲಿ, ಓದಿದ್ದು ಕಾನೂನು. ಆಮೇಲೆ ವಿಜ್ಞಾನದ ಕಡೆ ಹೊರಳಿದರು. 1808ರಲ್ಲಿ ಫ್ರಾನ್ಸಿನ ಗೇ-ಲುಸಾಕ್ ಒಂದು ವಿಚಿತ್ರ ತೋರಿಸಿದ್ದರು. ಎರಡು ಪಾಲು ಹೈಡ್ರೋಜನ್‌ಗೆ ಒಂದು ಪಾಲು ಆಕ್ಸಿಜನ್ ಸೇರಿದರೆ ಎರಡು ಪಾಲು ನೀರಾವಿ ಬರುತ್ತದೆ. ಯಾವಾಗಲೂ ಪೂರ್ಣ ಸಂಖ್ಯೆಗಳೇ. ಒಂದೇ ಜಾಗದಲ್ಲಿ ಒಂದೇ ಲೆಕ್ಕದ ಅಣುಗಳಿದ್ದರೆ ಮಾತ್ರ ಹೀಗಾಗಲು ಸಾಧ್ಯ ಎಂದು 1811ರಲ್ಲಿ ಅವೊಗಾಡ್ರೊ ಬರೆದರು. ಆದರೆ ಹಾಗೆ ಒಪ್ಪಿದರೆ ಒಂದು ಆಕ್ಸಿಜನ್ ಅಣು ಎರಡಾಗಿ ಒಡೆಯಬೇಕು, ಅಂದರೆ ಅದರಲ್ಲಿ ಎರಡು ಪರಮಾಣು ಇರಬೇಕು. ಒಂದೇ ಜಾತಿಯ ಪರಮಾಣುಗಳು ಜೋಡಿಯಾಗುವುದು ಪರಮಾಣು ಸಿದ್ಧಾಂತ ಕೊಟ್ಟ ಡಾಲ್ಟನ್ ಅವರಂಥವರಿಗೆ ಒಪ್ಪಿಗೆಯಾಗಲಿಲ್ಲ.

ಐವತ್ತು ವರ್ಷ ಆ ಮಾತು ಮೂಲೆಯಲ್ಲಿ ಬಿದ್ದಿತ್ತು. ಅವೊಗಾಡ್ರೊ 1856ರಲ್ಲಿ ತೀರಿಕೊಂಡರು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ಸಮಾವೇಶ ನಡೆದಾಗ ಅದೇ ಇಟಲಿಯ ಕ್ಯಾನಿಝಾರೊ ಈ ವಿಚಾರವನ್ನು ಎತ್ತಿಹಿಡಿದರು, ಅವರ ಪುಟ್ಟ ಪುಸ್ತಿಕೆ ಅಲ್ಲಿ ಹಂಚಿಕೆಯಾಯಿತು. ಅಲ್ಲಿಂದ ಜನ ಒಪ್ಪತೊಡಗಿದರು. 'ಅವೊಗಾಡ್ರೊ ಸಂಖ್ಯೆ' ಎಂಬ ಹೆಸರಿಟ್ಟದ್ದು ಫ್ರಾನ್ಸಿನ ಜ್ಯಾನ್ ಪೆರಾನ್, 1909ರಲ್ಲಿ. 2019ರ ಮೇ 20ರಿಂದ ಆ ಸಂಖ್ಯೆಯನ್ನು 6.02214076 × 10ರ ಘಾತ 23 ಎಂದು ಖಾಯಂ ಮಾಡಿದ್ದಾರೆ.

ದೋಸೆ ಹಿಟ್ಟು ಉಬ್ಬುವುದೂ ಇದೇ ನಿಯಮವಾ?

ಹೌದು, ಚೆನ್ನಾಗಿಯೇ ಹೊಂದುತ್ತದೆ. ಹಿಟ್ಟಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಪಾತ್ರೆಯ ಬಾಯಿ ತೆರೆದೇ ಇರುತ್ತದೆ, ಒತ್ತಡ ಹೊರಗಿನ ಗಾಳಿಯದೇ. ಹಾಗಾಗಿ ಅನಿಲ ಸೇರಿದಷ್ಟೂ ಹಿಟ್ಟು ಮೇಲೇರುತ್ತದೆ. ಒಂದು ಲೀಟರ್ ಹಿಟ್ಟು ಎರಡು ಲೀಟರ್ ಆಗಬೇಕಾದರೆ ಒಳಗೆ ಒಂದು ಲೀಟರ್ ಅನಿಲ ನಿಲ್ಲಬೇಕು. ಅದರ ತೂಕ ಎಷ್ಟು ಗೊತ್ತಾ? 1.65 ಗ್ರಾಂ. ಅಷ್ಟೇ! ಒಂದಷ್ಟು ಗುಳ್ಳೆ ಒಡೆದು ಹೋಗುತ್ತದೆ, ಒಂದಷ್ಟು ನೀರಿನಲ್ಲಿ ಕರಗುತ್ತದೆ, ಹಾಗಾಗಿ ನಿಜವಾಗಿ ತಯಾರಾಗುವುದು ಇದಕ್ಕಿಂತ ಜಾಸ್ತಿ. ಆದರೂ ಬೆಣ್ಣೆ ದೋಸೆಯ ಹಿಟ್ಟು ರಾತ್ರೋರಾತ್ರಿ ಪಾತ್ರೆ ದಾಟಿ ಕಟ್ಟೆಗೆ ಇಳಿದಿರುವುದಕ್ಕೆ ಕೆಲವೇ ಗ್ರಾಂ ಅನಿಲ ಸಾಕು.

ಮಂಡಕ್ಕಿ?

ಅದು ಬೇರೆ ಕಥೆ. ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದಾಗ ಕಾಳಿನೊಳಗಿನ ನೀರು ಹಬೆಯಾಗುತ್ತದೆ. ಒಂದು ಗ್ರಾಂ ನೀರು ನಮ್ಮೂರಿನಲ್ಲಿ ಕುದ್ದು ಹಬೆಯಾದರೆ ಸುಮಾರು 1.8 ಲೀಟರ್. ಆದರೆ ಕಾಳಿನ ಗೋಡೆ ಮೊದಲು ಬಿಡುವುದಿಲ್ಲ, ಸೈಕಲ್ ಟೈರಿನ ಕಥೆಯೇ, ಒತ್ತಡ ಏರುತ್ತದೆ. ಪಿಷ್ಟ ಮೆತ್ತಗಾದ ಕ್ಷಣ ಕಾಳು ಒಮ್ಮೆಲೇ ಅರಳುತ್ತದೆ. ತಾಪ, ಒತ್ತಡ, ಅನಿಲದ ಅಣುಗಳ ಲೆಕ್ಕ ಮೂರೂ ಒಟ್ಟಿಗೆ ಬದಲಾಗುವುದರಿಂದ ಅವೊಗಾಡ್ರೊ ನಿಯಮ ಒಂದನ್ನೇ ಹಿಡಿದು ಇದನ್ನು ವಿವರಿಸಲಾಗುವುದಿಲ್ಲ. ಖಾರ ಮಂಡಕ್ಕಿ ತಿನ್ನುತ್ತಾ ಯೋಚಿಸಲು ಒಳ್ಳೆಯ ವಿಷಯ ಮಾತ್ರ ಹೌದು.

ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಎಷ್ಟು ಲೀಟರ್ ಅನಿಲ ಇರುತ್ತದೆ?

14.2 ಕೆಜಿಯ ಸಿಲಿಂಡರಿನ ಒಳಗಿನ ಜಾಗ 33 ಲೀಟರ್ ಚಿಲ್ಲರೆ. ಅದರಲ್ಲಿ ಇರುವುದು ಬಹುಪಾಲು ದ್ರವ. ದ್ರವಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಹೊರಗೆ ಬಂದು ಅನಿಲವಾದರೆ ಲೆಕ್ಕ ಹಾಕಬಹುದು. ಪೂರ್ತಿ ಬ್ಯೂಟೇನ್ ಆಗಿದ್ದರೆ ಸುಮಾರು 245 ಮೋಲ್, ಪೂರ್ತಿ ಪ್ರೊಪೇನ್ ಆಗಿದ್ದರೆ 320ರ ಹತ್ತಿರ. ನಿಜದಲ್ಲಿ ಎರಡರ ಮಿಶ್ರಣ. ಅಂದರೆ ದಾವಣಗೆರೆಯಲ್ಲಿ 6,500ರಿಂದ 8,600 ಲೀಟರ್ ನಡುವೆ ಎಲ್ಲೋ ಒಂದು ಕಡೆ.

ದ್ರವ ಇರುವುದರಿಂದಲೇ ಸಿಲಿಂಡರ್ ಅರ್ಧ ಖಾಲಿಯಾದರೂ ಉರಿ ಅರ್ಧ ಆಗುವುದಿಲ್ಲ. ದ್ರವ ಇರುವ ತನಕ ಅದು ಆವಿಯಾಗುತ್ತಾ ಒತ್ತಡವನ್ನು ಕಾಯ್ದುಕೊಳ್ಳುತ್ತದೆ, ಮುಗಿದ ಮೇಲೆ ಇದ್ದಕ್ಕಿದ್ದಂತೆ ಕೈಕೊಡುತ್ತದೆ.

ಈ ಲೆಕ್ಕದ ನಿಜವಾದ ಉಪಯೋಗ ಸೋರಿಕೆಯ ವಿಷಯದಲ್ಲಿದೆ. ಒಂದು ಕೆಜಿ ಗ್ಯಾಸ್ ಸೋರಿದರೆ ಸುಮಾರು 20 ಮೋಲ್, ಅಂದರೆ 530 ಲೀಟರ್ ಅನಿಲ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಲ್ಲಿ ಇರುವ ಗಾಳಿ ಸುಮಾರು 28,300 ಲೀಟರ್. ಸೋರಿದ್ದು ಅದರ ಶೇ. 1.9. ಎಲ್‌ಪಿಜಿ ಬೆಂಕಿ ಹಿಡಿಯಲು ಗಾಳಿಯಲ್ಲಿ ಶೇ. 2ರ ಆಸುಪಾಸು ಇದ್ದರೆ ಸಾಕು. ಅದೂ ಕೋಣೆಯ ತುಂಬ ಸಮನಾಗಿ ಬೆರೆತರೆ ಎಂಬ ಲೆಕ್ಕ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಳ್ಳುತ್ತದೆ, ಹಾಗಾಗಿ ಕಾಲ ಬಳಿ ಇದಕ್ಕಿಂತ ಬಹಳ ಕಮ್ಮಿ ಸೋರಿದರೂ ಅಪಾಯವೇ. ವಾಸನೆ ಬಂದರೆ ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಒಲೆ ಉರಿಯುವಾಗ ಕಿಟಕಿ ತೆಗೆದಿರಬೇಕು ಅನ್ನುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಒಂದು ಅಣು ಪ್ರೊಪೇನ್ ಉರಿಯಲು ಐದು ಅಣು ಆಕ್ಸಿಜನ್ ಬೇಕು. ಅಣುಗಳ ಲೆಕ್ಕವೇ ಜಾಗದ ಲೆಕ್ಕವಾದ್ದರಿಂದ ಒಂದು ಲೀಟರ್ ಪ್ರೊಪೇನ್‌ಗೆ ಐದು ಲೀಟರ್ ಆಕ್ಸಿಜನ್. ಗಾಳಿಯಲ್ಲಿ ಆಕ್ಸಿಜನ್ ಶೇ. 21 ಮಾತ್ರ, ಹಾಗಾಗಿ ಸುಮಾರು 24 ಲೀಟರ್ ಗಾಳಿ. ಬ್ಯೂಟೇನ್ ಆದರೆ 31 ಲೀಟರ್. ಅಷ್ಟು ಗಾಳಿ ಹೊರಗಿನಿಂದ ಬರಬೇಕಲ್ಲ, ಅದಕ್ಕೇ ಕಿಟಕಿ ತೆಗೆದಿರಬೇಕು.

ಲೆಕ್ಕಗಳಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ?

ಎರಡು ಕಡೆ. '3 ಮೋಲ್ ಅನಿಲ 75 ಲೀಟರ್ ಇದೆ, ಇನ್ನೂ 2 ಮೋಲ್ ಸೇರಿಸಿದರೆ ಎಷ್ಟು?' ಎಂದರೆ ಗಡಿಬಿಡಿಯಲ್ಲಿ 2 ಮೋಲ್‌ಗೆ ಲೆಕ್ಕ ಹಾಕಿ 50 ಬರೆಯುತ್ತಾರೆ. ಸೇರಿಸಿದ ಮೇಲೆ ಇರುವುದು 5 ಮೋಲ್, ಉತ್ತರ 125 ಲೀಟರ್. ಗಾತ್ರ ಕಮ್ಮಿಯಾಯಿತಲ್ಲ ಅಂತ ಒಮ್ಮೆ ನೋಡಿದ್ದರೂ ಸಿಕ್ಕಿಬೀಳುತ್ತಿತ್ತು.

ಇನ್ನೊಂದು ಗ್ರಾಂ ಲೆಕ್ಕ. ಒಂದೇ ಅನಿಲ ಆಗಿದ್ದರೆ ಮೋಲ್ ಬದಲು ಗ್ರಾಂ ಹಾಕಿದರೂ ನಡೆಯುತ್ತದೆ. ಅನಿಲ ಬೇರೆಯಾದರೆ ನಡೆಯುವುದಿಲ್ಲ. 8 ಗ್ರಾಂ ಆಕ್ಸಿಜನ್ 6 ಲೀಟರ್ ಇದ್ದರೆ 8 ಗ್ರಾಂ ಹೈಡ್ರೋಜನ್ ಎಷ್ಟು? ಆರೇ ಅಲ್ಲ, 96. ಆಕ್ಸಿಜನ್ ಕಾಲು ಮೋಲ್, ಹೈಡ್ರೋಜನ್ ನಾಲ್ಕು ಮೋಲ್, ಹದಿನಾರು ಪಟ್ಟು.

ನಿಯಮ ಎಲ್ಲಾ ಕಡೆ ಪಕ್ಕಾ ನಡೆಯುತ್ತದಾ?

ಹತ್ತಿರ ಹತ್ತಿರ. ಅಣುಗಳು ಒಂದನ್ನೊಂದು ಸೆಳೆಯುವ ಅನಿಲಗಳಲ್ಲಿ ಸ್ವಲ್ಪ ಕಮ್ಮಿ ಬರುತ್ತದೆ. 0 ಡಿಗ್ರಿ, 1 ಅಟ್ಮಾಸ್ಫಿಯರ್‌ನಲ್ಲಿ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ 22.3 ಲೀಟರ್, ಅಮೋನಿಯಾ 22.1. ಒತ್ತಡ ಬಹಳ ಏರಿದರೆ, ಅಥವಾ ಅನಿಲ ದ್ರವವಾಗುವ ಹಂತಕ್ಕೆ ಬಂದರೆ ಇದನ್ನು ನಂಬಬೇಡಿ.

ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗ ಹೇಳಿ. ಬಲೂನು ಸಾಕಾ?

ಬಲೂನು ನೋಡಲು ಚೆಂದ, ಅಳೆಯಲು ಕೆಟ್ಟದ್ದು. ರಬ್ಬರು ಹಿಗ್ಗಿದ ಹಾಗೆ ಅದರ ಬಿಗಿ ಬದಲಾಗುತ್ತದೆ (ಊದುವಾಗ ಮೊದಲ ಉಸಿರೇ ಕಷ್ಟ ಅಲ್ವಾ). ಅದಕ್ಕಿಂತ ಬಕೆಟ್ ನೀರಿನಲ್ಲಿ ಎರಡು ಲೀಟರಿನ ಬಾಟಲಿಗೆ ನೀರು ತುಂಬಿ ಬೋರಲು ಹಿಡಿಯಿರಿ. ಇನ್ನೊಂದು ಬಾಟಲಿಯಲ್ಲಿ 100 ಎಂಎಲ್ ವಿನೆಗರ್. ಅದಕ್ಕೆ 2 ಗ್ರಾಂ ಅಡುಗೆ ಸೋಡಾವನ್ನು ತೆಳು ಕಾಗದದಲ್ಲಿ ಸುತ್ತಿ ಹಾಕಿ, ತಕ್ಷಣ ನಳಿಕೆ ಸಿಕ್ಕಿಸಿದ ಬಿರಡೆ ಒತ್ತಿ, ನಳಿಕೆಯ ತುದಿಯನ್ನು ಬೋರಲು ಬಾಟಲಿಯೊಳಗೆ ಬಿಡಿ. ಬಾಟಲಿಯಲ್ಲಿ ಎಷ್ಟು ನೀರು ಇಳಿಯಿತು ಎಂದು ಗುರುತು ಹಾಕಿ. ಆಮೇಲೆ ಹೊಸ ವಿನೆಗರ್, ಈ ಸಲ 4 ಗ್ರಾಂ ಸೋಡಾ.

ಲೆಕ್ಕದ ಪ್ರಕಾರ ಮೊದಲು 0.64 ಲೀಟರ್ ಕಾರ್ಬನ್ ಡೈಆಕ್ಸೈಡ್, ಆಮೇಲೆ 1.27 ಬರಬೇಕು. ನಿಮಗೆ ಎರಡೂ ಕಮ್ಮಿ ಬರುತ್ತವೆ, ಏಕೆಂದರೆ ಒಂದಷ್ಟು ಅನಿಲ ವಿನೆಗರಿನಲ್ಲೂ ಬಕೆಟ್ಟಿನ ನೀರಿನಲ್ಲೂ ಕರಗುತ್ತದೆ. ವಿನೆಗರಿನಲ್ಲಿ ಕರಗುವ ಪಾಲು ಎರಡು ಸಲವೂ ಹತ್ತಿರ ಹತ್ತಿರ ಒಂದೇ ಆದ್ದರಿಂದ ಎರಡನೆಯದು ಎರಡು ಪಟ್ಟಿಗಿಂತ ಚೂರು ಜಾಸ್ತಿಯೇ ಕಂಡರೂ ಆಶ್ಚರ್ಯ ಬೇಡ. ಒಂದು ಮಾತ್ರ ನೆನಪಿಡಿ, ನಳಿಕೆಯನ್ನು ಬೆರಳಿನಿಂದ ಮುಚ್ಚಬೇಡಿ, ಸೋಡಾ ಹಾಕಿದ ಬಾಟಲಿಗೆ ಮುಚ್ಚಳ ತಿರುಗಿಸಿ ಬಿಗಿ ಮಾಡಲೇಬೇಡಿ. ಬಾಟಲಿ ಸಿಡಿದರೆ ಮುಖಕ್ಕೇ ಬಡಿಯುತ್ತದೆ.